ತಲೆ ತಗ್ಗಿಸುವ ಹೂವಿಗೆ ಎತ್ತರದ ಜಾಗ: ವಿಚಿತ್ರ ಕ್ಲೆಮ್ಯಾಟಿಸ್‌ಗಳನ್ನು ಆರಿಸುವ ಬಗೆ

ಹೋದ ಜುಲೈನಲ್ಲಿ ತೀರ್ಥಹಳ್ಳಿಯಿಂದ ಬಂದ ಅಮ್ಮ ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಮನೆಯ ಹಿತ್ತಿಲಿಗೆ ಕಾಲಿಟ್ಟವಳೇ, "ಇದೆಂಥದೇ, ಹೂವೆಲ್ಲ ಜೋತುಬಿದ್ದಿದೆ? ನೀರು ಹಾಕ್ಲಿಲ್ವಾ?" ಅಂದಳು. ಅವಳು ನೋಡುತ್ತಿದ್ದದ್ದು 'ಬೆಟ್ಟಿ ಕಾರ್ನಿಂಗ್' ಎಂಬ ಕ್ಲೆಮ್ಯಾಟಿಸ್ ಬಳ್ಳಿಯನ್ನು. ಅದರ ಹೂವಿರುವುದೇ ಹಾಗೆ. ತಿಳಿ ನೇರಳೆ ಬಣ್ಣದ ಪುಟ್ಟ ಗಂಟೆ, ಬಾಯಂಚು ಹೊರಕ್ಕೆ ಸುರುಳಿ, ಮುಖ ನೆಲಕ್ಕೆ. ನಾನು ಅದಕ್ಕೆ ಮೂರಡಿಯ ಜಾಲರಿ ಕೊಟ್ಟು ಬೇಲಿ ಬುಡದಲ್ಲಿ ನೆಟ್ಟಿದ್ದೆ. ನಿಂತವರಿಗೆ ಕಾಣುವುದು ಗಂಟೆಯ ಬೆನ್ನು ಮಾತ್ರ. ಅಮ್ಮ ಸೊಂಟ ನೋವಿನಲ್ಲೂ ಕುಕ್ಕರುಗಾಲಲ್ಲಿ ಕೂತು ಒಳಗಿಣುಕಿ, "ಓ, ಚಂದ ಇದೆ ಮಾರಾಯ್ತಿ" ಅಂದ ಮೇಲೆ ನನ್ನ ತಪ್ಪು ನನಗೆ ಅರ್ಥವಾಯಿತು.

ಇಂಗ್ಲೆಂಡಿನಲ್ಲಿ ಹೊಸದಾಗಿ ಮನೆ ಮಾಡಿದ ನಮ್ಮವರು ಬೇಲಿಗೆ ಯಾವ ಬಳ್ಳಿ ಹಾಕುವುದೆಂದು ಕೇಳುತ್ತಲೇ ಇರುತ್ತಾರೆ. ನರ್ಸರಿಯಲ್ಲಿ ಎಲ್ಲರ ಕೈಗೂ ಮೊದಲು ಸಿಗುವುದು ತಟ್ಟೆಯಗಲದ ನೇರಳೆ ಹೂವಿನ ಕ್ಲೆಮ್ಯಾಟಿಸ್. ಚಂದವೇ, ಆದರೆ ಬೀದಿಯ ಪ್ರತಿ ಎರಡನೇ ಮನೆಯಲ್ಲೂ ಅದೇ ಇರುತ್ತದೆ. ಈ ಕುಲದಲ್ಲಿ ಸುಮಾರು 300 ಜಾತಿಗಳಿವೆ. ಗಂಟೆ, ಲಾಟೀನು, ಟ್ಯೂಲಿಪ್, ಗುಂಡಿ, ನಕ್ಷತ್ರ, ಎಲ್ಲ ಆಕಾರವೂ ಉಂಟು. ಇದಕ್ಕೆ ನಿಜವಾದ ದಳಗಳಿಲ್ಲ; ನಾವು ದಳವೆಂದುಕೊಳ್ಳುವುದು ಪುಷ್ಪಪತ್ರ, ಅಂದರೆ ಬೇರೆ ಹೂಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಹಸಿರು ಎಸಳು. ಅದು ದಪ್ಪವಾದರೆ ಒಂದು ರೂಪ, ತಿರುಚಿದರೆ ಇನ್ನೊಂದು, ಒಳಗಿನ ಕೇಸರಗಳೇ ದಳದಂತೆ ಅಗಲವಾದರೆ ಮತ್ತೊಂದು.

ಹಾಗಾಗಿ ಬಣ್ಣದ ಚೀಟಿ ನೋಡಿ ಕೊಳ್ಳಬೇಡಿ. ಚೀಟಿಯ ಫೋಟೊ ತೆಗೆದವನು ಹೂವನ್ನು ಬೆರಳಲ್ಲಿ ಎತ್ತಿ ಹಿಡಿದಿರುತ್ತಾನೆ. ನೀವು ಕೇಳಿಕೊಳ್ಳಬೇಕಾದದ್ದು, ಈ ಹೂವಿನ ಮುಖ ಎತ್ತ ತಿರುಗಿರುತ್ತದೆ, ನಾನು ಅದನ್ನು ಎಲ್ಲಿ ನಿಂತು ನೋಡುತ್ತೇನೆ ಎಂದು.

ಕೆಳಮುಖದವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು 'ಫ್ರೆಕಲ್ಸ್'. ಮೆಡಿಟರೇನಿಯನ್ ಕಡೆಯ ಸಿರೋಸಾ ಜಾತಿಯದು, ನಿತ್ಯಹಸಿರು. ಊರೆಲ್ಲ ಬೋಳಾಗಿರುವ ನವೆಂಬರಿನಿಂದ ಫೆಬ್ರವರಿವರೆಗೆ ಹೂ ಬಿಡುತ್ತದೆ. ಹೊರಗಿನಿಂದ ಕೆನೆಬಣ್ಣದ ಸಾದಾ ಗಂಟೆ. ಒಳಗೆ ಮಾತ್ರ ಕುಂಕುಮದ ನೀರು ಚಿಮುಕಿಸಿದ ಹಾಗೆ ಕೆಂಪು ಚುಕ್ಕಿಗಳು. ಆ ಚುಕ್ಕಿ ಕಾಣಬೇಕಾದರೆ ಹೂವು ನಿಮ್ಮ ತಲೆಯ ಮೇಲಿರಬೇಕು. ನಾನು ಅಡುಗೆಮನೆ ಬಾಗಿಲ ಮೇಲಿನ ಕಮಾನಿಗೆ ಹಬ್ಬಿಸಿದ್ದೇನೆ. ಕಸದ ಡಬ್ಬಿ ಹೊರಗಿಡಲು ಹೋದಾಗೆಲ್ಲ ಕತ್ತೆತ್ತಿ ನೋಡುತ್ತೇನೆ. ಇದಕ್ಕೆ ದಕ್ಷಿಣಕ್ಕೆ ಮುಖ ಮಾಡಿದ, ಗಾಳಿ ಹೊಡೆಯದ ಬೆಚ್ಚನೆಯ ಗೋಡೆ ಬೇಕು. ಬೇಸಿಗೆಯಲ್ಲಿ ಎಲೆ ಕಂದಾಗಿ ಸತ್ತಂತೆ ಕಂಡರೆ ಗಾಬರಿಯಾಗಬೇಡಿ, ಅದರ ನಿದ್ದೆಯ ಕಾಲ ಅದು. ನನ್ನ ಯಜಮಾನರು ಒಮ್ಮೆ ಕಿತ್ತೆಸೆಯಲು ಗುದ್ದಲಿ ಹಿಡಿದಿದ್ದರು.

ಹಳದಿ ಲಾಟೀನುಗಳ 'ಬಿಲ್ ಮೆಕೆಂಜಿ'ಯೂ ಕೆಳಮುಖವೇ. ಇದು 1968ರಲ್ಲಿ ನಮಗೆ ಹತ್ತಿರದ ಆಕ್ಸ್‌ಫರ್ಡ್‌ಶೈರ್‌ನ ವಾಟರ್‌ಪೆರಿ ತೋಟದಲ್ಲಿ ಸಿಕ್ಕ ತಳಿ; ಚೆಲ್ಸಿಯ ಔಷಧಿ ಗಿಡಗಳ ತೋಟ ನೋಡಿಕೊಳ್ಳುತ್ತಿದ್ದವರ ಹೆಸರು. ಪುಷ್ಪಪತ್ರ ನಿಂಬೆ ಸಿಪ್ಪೆಯಷ್ಟು ದಪ್ಪ. ಹೂವು ಮುಗಿದ ಮೇಲೆ ಬರುವ ಬೆಳ್ಳಿಕೂದಲಿನ ಬೀಜದುಂಡೆಗಳು ಚಳಿಗಾಲದ ಓರೆ ಬಿಸಿಲಲ್ಲಿ ಹೊಳೆಯುವುದು ಹೂವಿಗಿಂತ ಹೆಚ್ಚು ಚಂದ. ಆದರೆ ಇದು 20 ಅಡಿ ಹಬ್ಬುವ ರಾಕ್ಷಸ. ಆರಡಿ ಬೇಲಿಗೆ ಹಾಕಿದರೆ ಪಕ್ಕದ ಮನೆಯವರ ಹತ್ತಿರ ಮಾತು ಬಿಡುವಂತಾದೀತು. ಇನ್ನೊಂದು ಎಚ್ಚರ: ಈ ಹೆಸರಿನಲ್ಲಿ ಬೀಜದಿಂದ ಎಬ್ಬಿಸಿದ ಗಿಡಗಳನ್ನೂ ಮಾರುತ್ತಾರೆ, ಅವುಗಳ ಹೂವು ಚಿಕ್ಕದಾಗಿರಬಹುದು. ಹೂ ಬಿಟ್ಟಿರುವಾಗಲೇ ನೋಡಿ ತನ್ನಿ.

ಮೇಲ್ಮುಖದವು ಇದಕ್ಕೆ ತದ್ವಿರುದ್ಧ. ಅಮೆರಿಕದ ಟೆಕ್ಸಾಸ್ ಮೂಲದ ಟೆಕ್ಸೆನ್ಸಿಸ್ ಜಾತಿಯಿಂದ ಹುಟ್ಟಿದ 'ಪ್ರಿನ್ಸೆಸ್ ಡಯಾನಾ' ಮತ್ತು 'ಗ್ರೇವ್‌ಟೈ ಬ್ಯೂಟಿ' ಪುಟ್ಟ ಟ್ಯೂಲಿಪ್‌ಗಳಂತೆ ಆಕಾಶ ನೋಡುತ್ತವೆ. ಮೊದಲನೆಯದು ಗಾಢ ಗುಲಾಬಿ, ಎರಡನೆಯದು ದಾಸವಾಳದ ಕೆಂಪು. ಇವನ್ನು ಎಂಟಡಿ ಎತ್ತರಕ್ಕೆ ಏರಿಸಿದರೆ ನೋಡುವುದು ಮೇಲಿನ ಕಿಟಕಿಯಲ್ಲಿರುವವರು ಮಾತ್ರ. ನಾನು 'ಡಯಾನಾ'ಳನ್ನು ಕಂಬಕ್ಕೆ ಹಬ್ಬಿಸದೆ ಸೊಂಟದೆತ್ತರದ ಪೊದೆಯೊಂದರ ಮೇಲೆ ಹರಡಲು ಬಿಟ್ಟಿದ್ದೇನೆ. ಬಗ್ಗಿ ನೋಡಿದರೆ ಒಳಗಿನ ಕೆಂಪು ಪಟ್ಟಿಯೂ ಕಾಣುತ್ತದೆ. ಈ ಗುಂಪಿಗೆ ಬೂದಿರೋಗದ ಕಾಟ ಇದೆ, ಆದ್ದರಿಂದ ಗಾಳಿಯಾಡದ ಮೂಲೆಗೆ ತುರುಕಬೇಡಿ.

ಎದುರುಮುಖದ ವಿಚಿತ್ರ ಎಂದರೆ 'ಸೀಬೋಲ್ಡಿಯಾನಾ'. ಹತ್ತೊಂಬತ್ತನೇ ಶತಮಾನದಲ್ಲಿ ಜಪಾನಿನಿಂದ ಯೂರೋಪಿಗೆ ಬಂದದ್ದು. ಬಿಳಿ ತಟ್ಟೆಯ ನಡುವೆ ಕಡುನೇರಳೆಯ ಕುಚ್ಚು. ಅಮ್ಮ ನೋಡಿದವಳೇ "ಕೌರವ-ಪಾಂಡವ ಹೂವಲ್ವನೇ ಇದು" ಅಂದಳು. ಕುಲಕ್ಕೆ ಕುಲ ಸಂಬಂಧವಿಲ್ಲ, ಆದರೆ ಹೋಲಿಕೆ ಸರಿ. ಹೊರಗಿನ ಬಿಳಿ ಉದುರಿದ ಮೇಲೂ ನೇರಳೆ ಕುಚ್ಚು ಹಲವು ದಿನ ಉಳಿಯುತ್ತದೆ. ಸೂಕ್ಷ್ಮ ಪ್ರಕೃತಿಯ ಗಿಡ, ಆದ್ದರಿಂದ 45 ಸೆಂಟಿಮೀಟರ್ ಅಗಲದ, ಅಷ್ಟೇ ಆಳದ ಕುಂಡದಲ್ಲಿ, ಕುಳಿತುಕೊಳ್ಳುವ ಕುರ್ಚಿಯ ಪಕ್ಕ, ಕಣ್ಣಿನ ಮಟ್ಟಕ್ಕೆ. ಚಳಿಗಾಲದಲ್ಲಿ ಕುಂಡವನ್ನು ಗೋಡೆಗೆ ಒತ್ತಿ ಇಡುತ್ತೇನೆ. ಇದೊಂದಕ್ಕೆ ಇಷ್ಟು ಸೇವೆ ಮಾಡುವುದು ಸಾರ್ಥಕ.

ಸೇವೆ ಮಾಡಲು ಮನಸ್ಸಿಲ್ಲದವರು 'ಪರ್ಪ್ಯೂರಿಯಾ ಪ್ಲೀನಾ ಎಲಿಗಾನ್ಸ್' ತನ್ನಿ. ಹೆಸರು ಉದ್ದ, ಹೂವು ಬಟನ್ ಸೇವಂತಿಗೆಯಷ್ಟು. ಬಣ್ಣ ನಾಲ್ಕಾರು ಸಲ ಒಗೆದ ನೇರಳೆ ಹತ್ತಿಸೀರೆಯದು. ಕೇಸರಗಳೆಲ್ಲ ದಳಗಳಾಗಿ ಬಿಟ್ಟಿರುವುದರಿಂದ ಜೇನ್ನೊಣಕ್ಕೆ ಏನೂ ಸಿಗದು, ಅದೊಂದು ಕೊರತೆ. ವಿಟಿಸೆಲ್ಲಾ ಜಾತಿಯ ಗಟ್ಟಿ ಜೀವ, ರೋಗವಿಲ್ಲ ರುಜಿನವಿಲ್ಲ.

ರೋಗದ ಮಾತು ಬಂತು, ಹೇಳಿಬಿಡುತ್ತೇನೆ. ಮೊದಲ ವರ್ಷ ನಾನು ತಂದದ್ದು 'ವಿವಿಯನ್ ಪೆನೆಲ್', ಡೇಲಿಯಾದಂಥ ತುಂಬು ಹೂವು. ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ, ಬಿರಿಯಲು ಸಿದ್ಧವಾಗಿದ್ದ ಮೊಗ್ಗಿನ ಸಮೇತ ಇಡೀ ಬಳ್ಳಿ ಬಾಣಲೆಗೆ ಹಾಕಿದ ಹರಿವೆ ಸೊಪ್ಪಿನಂತೆ ಬಾಡಿ ಕಪ್ಪಾಗಿತ್ತು. ಕ್ಲೆಮ್ಯಾಟಿಸ್ ವಿಲ್ಟ್, ಶಿಲೀಂಧ್ರದ ಕೆಲಸ. ದೊಡ್ಡ ಹೂವಿನ ಮಿಶ್ರತಳಿಗಳಿಗೇ ಇದರ ಬಾಧೆ ಹೆಚ್ಚು. ಬಾಡಿದ್ದನ್ನು ನೆಲಮಟ್ಟಕ್ಕೆ ಕತ್ತರಿಸಿ ಕಸಕ್ಕೆ ಹಾಕಿದೆ. ಅಂಗಡಿಯ ಹಿರಿಯರೊಬ್ಬರು ಕುಂಡದಲ್ಲಿದ್ದದ್ದಕ್ಕಿಂತ ಮೂರು ಇಂಚು ಆಳಕ್ಕೆ ನೆಡು ಅಂದಿದ್ದರು, ಹಾಗೇ ಮಾಡಿದ್ದೆ. ಆ ಹೂತ ಕಾಂಡದಿಂದಲೇ ಮರುವರ್ಷ ಎರಡು ಚಿಗುರು ಬಂದವು. ಆದ್ದರಿಂದ ದೊಡ್ಡ ಹೂವಿನದೇ ಬೇಕೆನ್ನುವವರು ಆಳ ನೆಡಿ. ಜಾತಿಮೂಲಕ್ಕೆ ಹತ್ತಿರದ ಚಿಕ್ಕ ಹೂವಿನವು ಬೇಕೆನ್ನುವವರು ನೆಮ್ಮದಿಯಾಗಿ ನಿದ್ದೆ ಮಾಡಿ.

ಉತ್ತರಕ್ಕೆ ಮುಖ ಮಾಡಿದ ತಣ್ಣನೆಯ ಬೇಲಿ ಇದ್ದವರಿಗೆ ಆಲ್ಪೈನಾ, ಮ್ಯಾಕ್ರೊಪೆಟಲಾ ಜಾತಿಗಳು. ಏಪ್ರಿಲ್-ಮೇ ತಿಂಗಳಲ್ಲಿ ಲಂಗದೊಳಗೆ ಇನ್ನೊಂದು ಲಂಗ ತೊಟ್ಟ ಪುಟ್ಟ ಹುಡುಗಿಯರಂತೆ ತೂಗುತ್ತವೆ.

ಕೊಳ್ಳುವ ಮುನ್ನ ಸವರುವ ಗುಂಪಿನ ಸಂಖ್ಯೆ ಕೇಳಿ. ಇಲ್ಲಿನ ಚೀಟಿಗಳಲ್ಲಿ 1, 2, 3 ಎಂದು ಇರುತ್ತದೆ. ಒಂದನೆಯದು ('ಫ್ರೆಕಲ್ಸ್', ಆಲ್ಪೈನಾ) ಹಳೇ ಕಡ್ಡಿಯಲ್ಲಿ ಹೂ ಬಿಡುವುದು, ಬೇಕಿದ್ದರೆ ಹೂ ಮುಗಿದ ಮೇಲೆ ಮಾತ್ರ ಕತ್ತರಿ. ಎರಡನೆಯದಕ್ಕೆ ಚಳಿ ಮುಗಿಯುವಾಗ ಹಗುರ ಸವರಿಕೆ. ಮೂರನೆಯದನ್ನು ('ಡಯಾನಾ', 'ಬೆಟ್ಟಿ ಕಾರ್ನಿಂಗ್', 'ಎಲಿಗಾನ್ಸ್') ಫೆಬ್ರವರಿ ಕೊನೆಗೆ ನೆಲದಿಂದ ಒಂದಡಿ ಬಿಟ್ಟು, ಗಟ್ಟಿ ಮೊಗ್ಗಿನ ಮೇಲೆ, ಕನಿಕರವಿಲ್ಲದೆ ಕತ್ತರಿಸುವುದು. ಸೋಮಾರಿಗಳಿಗೆ ಮೂರನೆಯದೇ ಸುಖ. ಒಂದನೆಯದನ್ನೂ ಮೂರನೆಯದನ್ನೂ ಒಂದೇ ಜಾಲರಿಗೆ ಹಬ್ಬಿಸಬೇಡಿ. ಬಿಡಿಸುವಷ್ಟರಲ್ಲಿ ಯುಗಾದಿ ಬರುತ್ತದೆ. ಕತ್ತರಿಸುವಾಗ ಕೈಗವಸು ಹಾಕಿ, ರಸ ತಾಗಿದರೆ ಚರ್ಮ ಉರಿಯುತ್ತದೆ.

ಈ ಬಳ್ಳಿಗೆ ಆಸರೆಗೆ ಸುತ್ತಿಕೊಳ್ಳುವ ಕುಡಿ ಇಲ್ಲ, ಎಲೆಯ ತೊಟ್ಟೇ ಬಳುಕಿ ಸುತ್ತಿಕೊಳ್ಳುತ್ತದೆ. ಪೆನ್ಸಿಲ್‌ಗಿಂತ ದಪ್ಪದ್ದನ್ನು ಹಿಡಿಯಲಾರದು, ಆದ್ದರಿಂದ ಕಂಬಕ್ಕೆ ತಂತಿ ಸುತ್ತಿ ಕೊಡಿ. 'ರೋಗುಚಿ' ಎಂಬ ಜಪಾನಿ ತಳಿ ಅಷ್ಟನ್ನೂ ಮಾಡುವುದಿಲ್ಲ. ಅದರ ನೇರಳೆಹಣ್ಣಿನ ಬಣ್ಣದ ಗಂಟೆಗಳಿಗೆ ಸೋತು ತಂದರೆ ದಾರ ಹಿಡಿದು ಕಟ್ಟುತ್ತಿರಬೇಕು. ಬುಡ ತಂಪಾಗಿರಲಿ, ತಲೆಗೆ ಬಿಸಿಲಿರಲಿ. ಮಾರ್ಚಿಯಲ್ಲಿ ಚಿಗುರೊಡೆಯುವಾಗ ರಾತ್ರಿ ಟಾರ್ಚ್ ಹಿಡಿದು ಬಸವನಹುಳು, ಸಿಂಬಳದ ಹುಳು ಹೆಕ್ಕುವುದು ನನ್ನ ಕೆಲಸ. ಒಂದು ರಾತ್ರಿ ತಪ್ಪಿದರೂ ಬೆಳಿಗ್ಗೆ ಕಡ್ಡಿ ಮಾತ್ರ ಉಳಿದಿರುತ್ತದೆ.

ಬೆಂಗಳೂರಿನ ತಂಗಿ "ಒಂದು ಕಡ್ಡಿ ತಾರೇ ಅಕ್ಕ" ಅಂತ ಪ್ರತಿ ಸಲ ಕೇಳುತ್ತಾಳೆ. ತರುವುದಿಲ್ಲ. ಪರವಾನಗಿಯಿಲ್ಲದೆ ಗಿಡ ಒಯ್ಯುವ ಹಾಗಿಲ್ಲ, ಒಯ್ದರೂ ಚಳಿಗಾಲದ ನಿದ್ದೆ ಬೇಡುವ ಈ ತಳಿಗಳಿಗೆ ಅಲ್ಲಿ ಸುಖವಿಲ್ಲ. ಅವಳಿಗೆ ನಾನು ಹೇಳಿದ್ದು ನಮ್ಮ ಪಶ್ಚಿಮ ಘಟ್ಟದ್ದೇ ಆದ ಥನ್ಬರ್ಜಿಯಾ ಮೈಸೊರೆನ್ಸಿಸ್. ಹಳದಿ ಮತ್ತು ಕಂದುಗೆಂಪು ಹೂವು ಒಂದೂವರೆ ಅಡಿಗೂ ಉದ್ದದ ಗೊಂಚಲಾಗಿ ಇಳಿಬೀಳುತ್ತದೆ, ಸೂರಕ್ಕಿಗಳು ಮುತ್ತುತ್ತವೆ. ಅವಳು ಗೇಟಿನ ಪಕ್ಕದ ಕಾಂಪೌಂಡ್ ಗೋಡೆಗೆ ಹಬ್ಬಿಸಲು ಹೊರಟಿದ್ದಳು. ಬೇಡ, ಚಪ್ಪರ ಹಾಕಿಸು, ಭಾವನ ತಲೆಗಿಂತ ಮೂರಡಿ ಮೇಲಿರಲಿ ಅಂದೆ. ಚಪ್ಪರಕ್ಕೆ ಕಬ್ಬಿಣದ ಪೈಪು ಬಂದಿದೆಯಂತೆ.