ಇಂಗ್ಲೆಂಡಿನ ಸದ್ದಿಲ್ಲದ ಬೀದಿಯಲ್ಲಿ ಮನೆ ಮಾಡುವವರಿಗೆ

ಪಿನ್ನರ್‌ಗೆ ನಾವು ಬಂದದ್ದು 2014ರ ನವೆಂಬರ್‌ನಲ್ಲಿ. ಲಂಡನ್ನಿನ ವಾಯವ್ಯ ಅಂಚಿನ ಊರು ಇದು. ಮೆಟ್ರೊಪಾಲಿಟನ್ ಲೈನ್ ರೈಲು ಹತ್ತಿದರೆ ಹೆಚ್ಚುಕಮ್ಮಿ ಅರ್ಧ ಗಂಟೆಗೆ ಲಂಡನ್ ನಡುವಿನ ಬೇಕರ್ ಸ್ಟ್ರೀಟ್. ಮೊದಲ ದಿನ ಸಂಜೆ ನಾಲ್ಕೂವರೆಗೇ ಕತ್ತಲೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. "ಇಲ್ಲಿ ಜನ ಇದ್ದಾರೋ ಇಲ್ವೋ?" ಅಂತ ನಮ್ಮ ಯಜಮಾನರನ್ನು ಕೇಳಿದೆ. ಇದ್ದರು. ಎಲ್ಲ ಮನೆಯಲ್ಲೂ ಪರದೆ ಹಿಂದೆ ದೀಪ ಉರಿಯುತ್ತಿತ್ತು. ಆ ಜನರ ಪರಿಚಯ ಆಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಹೊಸದಾಗಿ ಬರುವವರು ಅಷ್ಟು ದಿನ ಒಂಟಿಯಾಗಿ ಇರುವುದು ಬೇಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆಗೆ ಕಾಲಿಟ್ಟ ದಿನವೇ ಯಾವ ಗೋಡೆಯ ಆಚೆ ಯಾರಿದ್ದಾರೆ ಅಂತ ನೋಡಿಕೊಳ್ಳಿ. ಈ ಕಡೆಯ ಎಷ್ಟೋ ಮನೆಗಳು 1920, 30ರ ದಶಕದವು. ರೈಲು ಹಳಿ ಹೋದ ಕಡೆಗೆಲ್ಲ ಮನೆಗಳೂ ಎದ್ದವು. ಮೆಟ್ರೊಪಾಲಿಟನ್ ರೈಲ್ವೆ ಕಂಪನಿ ಈ ಇಡೀ ಪ್ರದೇಶಕ್ಕೆ 1915ರಲ್ಲಿ 'ಮೆಟ್ರೊ-ಲ್ಯಾಂಡ್' ಅಂತ ಹೆಸರಿಟ್ಟು ಪ್ರಚಾರ ಮಾಡಿತ್ತು. ಜಾಸ್ತಿ ಕಾಣುವುದು ಸೆಮಿ ಮನೆಗಳು. ಅಂದರೆ ಎರಡು ಮನೆ ಅಕ್ಕಪಕ್ಕ ಅಂಟಿಕೊಂಡಂತೆ ಇರುತ್ತವೆ, ನಡುವೆ ಒಂದೇ ಗೋಡೆ. ಮಹಡಿಯ ನೆಲ ಮರದ್ದು. ಮಗು ಓಡಿದರೆ ಪಕ್ಕದ ಮನೆಗೂ ಕೇಳುತ್ತದೆ.

ನಮ್ಮ ಮನೆಯಲ್ಲಿ ಹಿಂದಿನವರು ಅಡುಗೆಮನೆಯನ್ನೂ ಹಿಂದಿನ ಕೋಣೆಯನ್ನೂ ಸೇರಿಸಿ ಒಂದೇ ಮಾಡಿದ್ದರು. ಮಿಕ್ಸಿ ಇಟ್ಟ ಕಟ್ಟೆ ಆ ನಡುಗೋಡೆಗೇ ಅಂಟಿಕೊಂಡಿತ್ತು. ನಾನು ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬುತ್ತಿದ್ದೆ. ಗೋಡೆಯಾಚೆ ಎಂಬತ್ತು ದಾಟಿದ ಅಜ್ಜಿ, ಒಬ್ಬರೇ ಇರುವವರು. ಎರಡು ತಿಂಗಳು ಅವರು ಏನೂ ಅನ್ನಲಿಲ್ಲ. ಒಂದು ದಿನ ಗೇಟಿನ ಹತ್ತಿರ ಸಿಕ್ಕಾಗ ನಗುತ್ತಾ, "ನೀವು ತುಂಬಾ ಬೇಗ ಏಳ್ತೀರಿ, ಅಲ್ವಾ?" ಅಂದರು. ಹೌದು, ಅಭ್ಯಾಸ ಅಂದು ನಾನೂ ನಕ್ಕು ಒಳಗೆ ಬಂದೆ. ಮಿಕ್ಸಿ ತೊಳೆಯುವಾಗ ಅವರ ಮಾತಿನ ಅರ್ಥ ಹೊಳೆಯಿತು. ಅವತ್ತೇ ಮಿಕ್ಸಿಯನ್ನು ಎದುರು ಕಟ್ಟೆಗೆ ಸಾಗಿಸಿದೆ, ಅದರ ಕೆಳಗೆ ಮಡಚಿದ ಟವೆಲ್ ಹಾಕಿದೆ, ಚಟ್ನಿಯನ್ನು ರಾತ್ರಿ ಎಂಟರೊಳಗೆ ರುಬ್ಬಿ ಫ್ರಿಜ್ಜಿನಲ್ಲಿಡತೊಡಗಿದೆ. ಮೂರು ದಿನ ಬಿಟ್ಟು ಹೋಗಿ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಇಲ್ಲಿಯವರ ದೂರು ಹೀಗೇ ಇರುತ್ತದೆ, ಬರೀ ವಿಚಾರಿಸಿದ ಹಾಗೆ. ನಿಮ್ಮ ಗಿಡ ಚೆನ್ನಾಗಿ ಬೆಳೆದಿದೆ ಅಂದರೆ ಒಮ್ಮೆ ಹೋಗಿ ಬೇಲಿ ನೋಡಿ ಬನ್ನಿ. ಕೊಂಬೆ ಅವರ ಕಡೆ ಬಾಗಿರಬಹುದು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರು ನಿಮಗೆ ನೋವಾಗದಿರಲಿ ಅಂತಲೇ ಹಾಗೆ ಹೇಳುವುದು.

ಕಾನೂನಿನ ಲೆಕ್ಕದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ನಿಶ್ಶಬ್ದದ ಹೊತ್ತು. ಪಟಾಕಿಗೂ ಅದೇ ಹೊತ್ತಿನಲ್ಲಿ ನಿಷೇಧ. ದೀಪಾವಳಿಯ ರಾತ್ರಿ ಮಾತ್ರ 1 ಗಂಟೆವರೆಗೆ ಹೊಡೆಯಬಹುದು, ಇದು ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೂ ನಾವು ಒಂದು ವಾರ ಮುಂಚೆ ಅಕ್ಕಪಕ್ಕದ ಆರು ಮನೆಗೆ ಚೀಟಿ ಹಾಕುತ್ತೇವೆ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆ, ನಿಮ್ಮ ನಾಯಿಯನ್ನು ಒಳಗೆ ಇಟ್ಟುಕೊಳ್ಳಿ ಅಂತ. ಒಂಬತ್ತೂವರೆಗೆ ಮುಗಿಸುತ್ತೇವೆ. ಎದುರು ಮನೆಯ ಮಕ್ಕಳು ಈಗ ನಮ್ಮ ಹೂಕುಂಡ ನೋಡೋಕೆ ಬರುತ್ತಾರೆ.

ಇನ್ನು ಕಸದ ಬಿನ್. ಇದು ಸಣ್ಣ ವಿಷಯ ಅಂತ ಬಿಟ್ಟುಬಿಡಬೇಡಿ, ಇಂಥ ಬೀದಿಯಲ್ಲಿ ವಾರದ ಲಯವೇ ಅದು. ಯಾವ ಬಣ್ಣದ ಬಿನ್ನಿಗೆ ಏನು, ಯಾವ ವಾರ ಯಾವುದು ಅನ್ನೋದು ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ, ಅಂದರೆ ಆಯಾ ಊರಿನ ಸ್ಥಳೀಯ ಆಡಳಿತಕ್ಕೆ, ಬೇರೆ. ಅವರ ವೆಬ್‌ಸೈಟಿನಿಂದ ಕ್ಯಾಲೆಂಡರ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿ. ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆ, ಬಂದರೆ ದಿನ ಬದಲಾಗಬಹುದು. ನಾಳೆ ಯಾವ ಬಿನ್ ಅಂತ ಅನುಮಾನ ಬಂದರೆ ಸಂಜೆ ಬೀದಿ ನೋಡಿದರೂ ಸಾಕು, ನಾಲ್ಕು ಮನೆಯವರು ಅಷ್ಟೊತ್ತಿಗೆ ಇಟ್ಟಿರುತ್ತಾರೆ. ನೀವೂ ಹಿಂದಿನ ಸಂಜೆಯೇ ಹೊರಗಿಡಿ, ಮಾರನೆ ದಿನ ಖಾಲಿಯಾದ ಮೇಲೆ ಒಳಗೆ ತನ್ನಿ. ಆ ಹೊತ್ತಿಗೆ ಪಕ್ಕದವರೂ ಹೊರಗೆ ಬಂದಿರುತ್ತಾರೆ. ನನ್ನ ಮೊದಲ ಪರಿಚಯಗಳೆಲ್ಲ ಆದದ್ದು ಅಲ್ಲೇ, ಬಿನ್ನಿನ ಹಿಡಿ ಕೈಯಲ್ಲಿ ಹಿಡಿದುಕೊಂಡು.

ಒಂದು ಚಳಿಗಾಲ ಜ್ವರ ಬಂದು ಮಲಗಿದ್ದೆ, ಯಜಮಾನರು ಊರಲ್ಲಿರಲಿಲ್ಲ. ಬಿನ್ ಸಂಜೆಯಾದರೂ ಹೊರಗೇ ಉಳಿಯಿತು. ಕತ್ತಲಾದ ಮೇಲೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅಜ್ಜಿ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತರಕಾರಿ ಸೂಪಿನ ಡಬ್ಬ. "ನಿಮ್ಮ ಬಿನ್ ಇನ್ನೂ ಹೊರಗಿದೆ" ಅಂದರು, ಅಷ್ಟೇ. ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ಆ ಡಬ್ಬ ನೆನಪಾಗುತ್ತದೆ.

ಅವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಬಹಳ ದಿನ ಹೊರಳಲಿಲ್ಲ. ಆದರೆ ಇಲ್ಲಿ ಹಿರಿಯರಿಗೂ ಹೆಸರೇ ಇಷ್ಟ. ಮೊದಲ ಭೇಟಿಯಲ್ಲೇ ನಿಮ್ಮ ಹೆಸರು, ಮನೆ ನಂಬರ್ ಹೇಳಿ. ಹೆಸರು ಕಷ್ಟವಾದರೆ ನಿಧಾನವಾಗಿ ಎರಡು ಸಲ ಹೇಳಿಕೊಡಿ, ಮೊಟಕು ಮಾಡಬೇಡಿ. ಅಜ್ಜಿ ನನ್ನ ಹೆಸರನ್ನು ಪೂರ್ತಿ ಕಲಿತರು. ಹೇಳದೆ ಕೇಳದೆ ಮನೆಗೆ ಹೋಗುವುದು ಮಾತ್ರ ಬೇಡ. ಬಾಗಿಲಲ್ಲೇ ಐದು ನಿಮಿಷ ಮಾತಾಡಿ ಬಂದರೆ ಅದೇ ಒಳ್ಳೆಯ ಭೇಟಿ. ತಿಂಡಿ ಕೊಡುವಾಗ ಸ್ವಲ್ಪ ಕೊಡಿ. ಕಡಲೆಬೀಜ, ಗೋಡಂಬಿ ಹಾಕಿದ್ದರೆ ತಪ್ಪದೆ ಹೇಳಿ, ಅಲರ್ಜಿ ಇರುವವರಿಗೆ ಅದು ಪ್ರಾಣದ ಪ್ರಶ್ನೆ. ಡಿಸೆಂಬರ್ ಮೊದಲ ವಾರ ಕ್ರಿಸ್‌ಮಸ್ ಕಾರ್ಡು ಹಾಕುವಾಗ ಒಳಗೆ ನಿಮ್ಮ ಮನೆ ನಂಬರ್ ಬರೆಯಿರಿ. ಯಾರು ಕಳಿಸಿದ್ದು ಅಂತ ತಿಳಿಯಬೇಕಲ್ಲ.

ಮಾತಿಗೆ ತೋಟಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವು ಮುಂದಿನ ಅಂಗಳದಲ್ಲಿ ಕುಂಡಕ್ಕೆ ಮೆಂತ್ಯ ಬಿತ್ತಿ ಕೂತರೆ ಹೋಗುವವರು ನಿಂತು ಕೇಳುತ್ತಾರೆ. ಕೆಲವು ನಿಯಮ ತಿಳಿದಿರಲಿ. ಪಕ್ಕದವರ ಕೊಂಬೆ ನಿಮ್ಮ ಕಡೆ ಬಂದರೆ ಗಡಿಯವರೆಗೆ ಕತ್ತರಿಸಬಹುದು. ಆದರೆ ಕತ್ತರಿಸಿದ ಕೊಂಬೆ, ಹಣ್ಣು ಅವರದ್ದೇ, ಕೇಳಿ ವಾಪಸ್ ಕೊಡಿ. ಕೆಲವು ಮರಗಳಿಗೆ ಕೌನ್ಸಿಲ್‌ನ ರಕ್ಷಣೆ ಇರುತ್ತದೆ, ಮೊದಲು ವಿಚಾರಿಸಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿಗಿಡ ಕತ್ತರಿಸುವ ಮುನ್ನ ಒಳಗೆ ಹಕ್ಕಿ ಗೂಡು ಇದೆಯಾ ನೋಡಿ. ಹಕ್ಕಿ ಇರುವ ಗೂಡಿಗೆ ಬೇಕೆಂದೇ ಕೈ ಹಾಕುವುದು 1981ರ ಕಾಯ್ದೆ ಪ್ರಕಾರ ಅಪರಾಧ.

ಕಾಗದಪತ್ರದ ಕೆಲಸ ಬೇಗ ಮುಗಿಸಿ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಕೌನ್ಸಿಲ್‌ಗೆ ಕಟ್ಟುವ ತೆರಿಗೆ, ಮನೆಯ 1991ರ ಬೆಲೆಯ ಮೇಲೆ ಎ ಇಂದ ಎಚ್‌ವರೆಗಿನ ಬ್ಯಾಂಡ್‌ಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ 10 ಕಂತು, ಕೇಳಿದರೆ 12 ಮಾಡಿಕೊಡುತ್ತಾರೆ. ದೊಡ್ಡವರು ಒಬ್ಬರೇ ಇದ್ದರೆ 25% ರಿಯಾಯಿತಿ. ಜಿಪಿ, ಅಂದರೆ ಕುಟುಂಬ ವೈದ್ಯರ ಹತ್ತಿರ ಹೆಸರು ನೋಂದಾಯಿಸಲು ಕಾಯಿಲೆ ಬರುವವರೆಗೆ ಕಾಯಬೇಡಿ. ಮಕ್ಕಳಿದ್ದರೆ ಮನೆ ಹಿಡಿಯುವ ಮೊದಲೇ ಶಾಲೆಯ ದೂರ ನೋಡಿ, ಬಹಳ ಕಡೆ ಸೀಟು ಸಿಗುವುದು ದೂರದ ಲೆಕ್ಕದ ಮೇಲೆ. ಪ್ರೈಮರಿಗೆ ಅರ್ಜಿ ಜನವರಿ 15ರೊಳಗೆ, ಸೆಕೆಂಡರಿಗೆ ಅಕ್ಟೋಬರ್ 31ರೊಳಗೆ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ.

ಕಷ್ಟದ ಕಾಲ ಅಂದರೆ ಡಿಸೆಂಬರ್, ಜನವರಿ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಿಟಕಿ ಮುಚ್ಚಿ ಬಟ್ಟೆ ಒಣಗಿಸಿ ಸಾರು ಕುದಿಸಿದರೆ ಗಾಜಿನ ಮೇಲೆ ನೀರು ಇಳಿಯುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಚಳಿಯಾದರೂ ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆರೆಯಿರಿ, ಗಾಜು ಒರೆಸಿ, ಒಗ್ಗರಣೆಗೆ ಮುಂಚೆ ಎಕ್ಸ್‌ಹಾಸ್ಟ್ ಹಾಕಿ. ಮಧ್ಯಾಹ್ನ ಬೆಳಕಿರುವಾಗ ದಿನಾ ಸುಮ್ನೆ ಒಂದು ಸುತ್ತು ನಡೆಯಿರಿ. ಲೈಬ್ರರಿಗೋ ಚಾರಿಟಿ ಅಂಗಡಿಗೋ ಹೋಗಿ ಬಂದರೂ ಸಾಕು. ನಾನು ಆ ಕತ್ತಲಲ್ಲಿ ಅತ್ತಿದ್ದೇನೆ. ನಡೆಯಲು ಶುರು ಮಾಡಿದ ಮೇಲೆ ಕಡಿಮೆಯಾಯಿತು.

ಮೇ ಕೊನೆಯ ಬ್ಯಾಂಕ್ ಹಾಲಿಡೇ ಕಳೆದ ಮೇಲೆ ಬರುವ ಬುಧವಾರ ಪಿನ್ನರ್ ಜಾತ್ರೆ. ಮೂರನೇ ಎಡ್ವರ್ಡ್ ರಾಜ 1336ರಲ್ಲಿ ಅಪ್ಪಣೆ ಕೊಟ್ಟ ಜಾತ್ರೆ ಅದು. ಹೈ ಸ್ಟ್ರೀಟಿನಲ್ಲಿ ತಿರುಗುವ ತೊಟ್ಟಿಲು, ಗದ್ದಲ, ನಮ್ಮ ಊರಿನ ತೇರಿನ ದಿನದ ಹಾಗೇ. ನಿಮ್ಮ ಊರಲ್ಲೂ ಇಂಥದ್ದು ಏನಿದೆ ಅಂತ ಪಕ್ಕದವರನ್ನು ಕೇಳಿ, ಜೊತೆಗೇ ಹೋಗಿ.

ಪರಿಚಯ ಗಟ್ಟಿಯಾದ ಮೇಲೆ ಮನೆಯ ಒಂದು ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿಡಿ. ನಮ್ಮದು ಅಜ್ಜಿಯ ಅಡುಗೆಮನೆಯ ಕೊಕ್ಕೆಯಲ್ಲಿದೆ, ಅವರದು ನಮ್ಮ ದೇವರ ಗೂಡಿನ ಪಕ್ಕ. ಕೀಲಿಗೆ ಮನೆ ನಂಬರ್ ಕಟ್ಟಬೇಡಿ. ಒಂದು ಬಣ್ಣದ ದಾರ ಕಟ್ಟಿ, ಫೋನ್ ನಂಬರನ್ನು ಬೇರೆ ಕಾಗದದಲ್ಲಿ, ವಯಸ್ಸಾದವರಿಗೂ ಕಾಣುವಂತೆ ದಪ್ಪಕ್ಷರದಲ್ಲಿ ಬರೆದು ಕೊಡಿ.