ಡೌನ್‌ಲೋಡ್ ಆದ ಫೈಲ್ ತೆರೆಯದಿದ್ದರೆ: ಮತ್ತೆ ಇಳಿಸಿಕೊಳ್ಳುವ ಮೊದಲು ನೋಡಬೇಕಾದದ್ದು

ಡೌನ್‌ಲೋಡ್ ಮುಗಿಯಿತೆಂದು ಬ್ರೌಸರ್ ತಿಳಿಸಿದ ಮೇಲೂ ಫೈಲ್ ತೆರೆಯದೆ ಹೋದಾಗ ಹೆಚ್ಚಿನವರು ಅದನ್ನು ಅಳಿಸಿ, ಅದೇ ಲಿಂಕನ್ನು ಮತ್ತೆ ಒತ್ತುತ್ತಾರೆ. ಒಂದೆರಡು ಎಂಬಿಯ ಅರ್ಜಿ ನಮೂನೆಯಾದರೆ ಅಷ್ಟು ಸಾಕು. ಆದರೆ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿರುವ ಹಳೆಯ ಕನ್ನಡ ಪುಸ್ತಕವೊಂದರ ಸ್ಕ್ಯಾನ್ ಪ್ರತಿ ನೂರಾರು ಎಂಬಿ ಇರಬಹುದು, ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಲು ಬೇಕಾದ ಐಎಸ್‌ಒ ಫೈಲ್ ಹಲವು ಜಿಬಿ ಇರುತ್ತದೆ. ದಿನಕ್ಕೆ ಇಂತಿಷ್ಟೇ ಡೇಟಾ ಎಂಬ ಮೊಬೈಲ್ ಪ್ಲಾನ್ ಇಟ್ಟುಕೊಂಡವರು ಕಾರಣ ತಿಳಿಯದೆ ಅದನ್ನು ಮತ್ತೆ ಮತ್ತೆ ಇಳಿಸಿಕೊಂಡರೆ ಡೇಟಾ ಖಾಲಿಯಾಗುತ್ತದೆಯೇ ಹೊರತು ಫೈಲ್ ಕೈಗೆ ಬರುವ ಭರವಸೆಯಿಲ್ಲ. ಫೈಲ್ ಅರ್ಧಕ್ಕೆ ನಿಂತಿದೆಯೇ, ಅದರ ಬದಲು ಬೇರೇನೋ ಬಂದಿದೆಯೇ, ಗಾತ್ರ ಪೂರ್ತಿಯಿದ್ದೂ ಒಳಗೆ ಕೆಟ್ಟಿದೆಯೇ, ಇಲ್ಲವೇ ಫೈಲ್ ಸರಿಯಾಗಿಯೇ ಇದ್ದು ತೊಡಕು ಬೇರೆಡೆ ಇದೆಯೇ ಎಂಬುದನ್ನು ಮೊದಲು ಗುರುತಿಸಬೇಕು, ಏಕೆಂದರೆ ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಫಲಿಸುವುದಿಲ್ಲ.

ಇದಕ್ಕೆ ಮೊದಲ ಸಾಕ್ಷಿ ಗಾತ್ರ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂಬ ಎರಡು ಸಾಲುಗಳು ಕಾಣುತ್ತವೆ; ಇವುಗಳಲ್ಲಿ ಮೊದಲನೆಯದನ್ನು, ಅದರಲ್ಲೂ ಆವರಣದೊಳಗಿನ ಬೈಟ್ ಲೆಕ್ಕವನ್ನು ನೋಡಬೇಕು. ಎಂಬಿ ಲೆಕ್ಕವನ್ನು ನಂಬುವಂತಿಲ್ಲ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿದರೆ ಮ್ಯಾಕ್ ಮತ್ತು ಹಲವು ಜಾಲತಾಣಗಳು 1000ದ ಲೆಕ್ಕದಲ್ಲಿ ಭಾಗಿಸುವುದರಿಂದ, ನೂರು ಕೋಟಿ ಬೈಟ್‌ಗಳ ಒಂದೇ ಫೈಲ್ ಒಂದು ಕಡೆ 1 ಜಿಬಿ ಎಂದೂ ಇನ್ನೊಂದು ಕಡೆ ಸುಮಾರು 954 ಎಂಬಿ ಎಂದೂ ಕಾಣಿಸುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಪುಸ್ತಕದ ಪುಟದಲ್ಲಿರುವ ‘ಶೋ ಆಲ್’ ಒತ್ತಿದರೆ ಎಲ್ಲ ಫೈಲ್‌ಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲೇ ಹೆಸರು ‘ಫೈಲ್ಸ್’ ಎಂದು ಕೊನೆಗೊಳ್ಳುವ ಎಕ್ಸ್‌ಎಂಎಲ್ ಫೈಲನ್ನು ತೆರೆದರೆ ಪ್ರತಿಯೊಂದರ ಬೈಟ್ ಲೆಕ್ಕವೂ ದೊರೆಯುತ್ತದೆ.

ನಿಮ್ಮಲ್ಲಿರುವ ಫೈಲ್ ಆ ಲೆಕ್ಕಕ್ಕಿಂತ ಚಿಕ್ಕದಾಗಿದ್ದರೆ ಅದು ಸಾಮಾನ್ಯವಾಗಿ ಅರ್ಧಕ್ಕೆ ನಿಂತಿದೆ ಎಂದರ್ಥ. ಡೌನ್‌ಲೋಡ್ ನಡೆಯುತ್ತಿರುವಾಗ ಕ್ರೋಮ್ ಮತ್ತು ಎಡ್ಜ್ ಫೈಲಿನ ಹೆಸರಿನ ಕೊನೆಗೆ ‘ಸಿಆರ್‌ಡೌನ್‌ಲೋಡ್’ ಎಂದೂ ಫೈರ್‌ಫಾಕ್ಸ್ ‘ಪಾರ್ಟ್’ ಎಂದೂ ಸೇರಿಸುತ್ತವೆ. ಆ ಬಾಲವನ್ನು ಕತ್ತರಿಸಿ ಪಿಡಿಎಫ್ ಎಂದು ಹೆಸರು ಬದಲಿಸಿದರೆ ಫೈಲ್ ಸರಿಹೋಗುತ್ತದೆ ಎಂಬ ಸಲಹೆ ಓಡಾಡುತ್ತಿರುತ್ತದೆ, ಅದು ವ್ಯರ್ಥ. ಜಿಪ್ ಫೈಲಿನಲ್ಲಿ ಒಳಗೆ ಏನೇನಿದೆ ಎಂಬ ಸೂಚಿ ಇರುವುದು ಫೈಲಿನ ಕಟ್ಟಕಡೆಯಲ್ಲಿ. ಪಿಡಿಎಫ್‌ನಲ್ಲೂ ಯಾವ ಭಾಗ ಎಲ್ಲಿದೆ ಎಂಬ ಕೋಷ್ಟಕ ಸಾಮಾನ್ಯವಾಗಿ ಕೊನೆಗೇ ಇರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಬಂದಿದ್ದರೂ ಫೈಲ್ ತೆರೆಯದಿರುವುದು ಈ ಕಾರಣದಿಂದಲೇ. ಜೆಪೆಗ್ ಚಿತ್ರ ಮಾತ್ರ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬರುವುದರಿಂದ ಬಂದಷ್ಟು ಭಾಗ ಕಂಡು ಉಳಿದದ್ದು ಬೂದು ಬಣ್ಣದಲ್ಲಿ ಉಳಿಯುತ್ತದೆ.

ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಲು ಕಂಟ್ರೋಲ್ ಮತ್ತು ಜೆ ಕೀಗಳನ್ನು ಒಟ್ಟಿಗೆ ಒತ್ತಿ, ಡೌನ್‌ಲೋಡ್ ಪಟ್ಟಿಯಲ್ಲಿ ‘ರಿಸ್ಯೂಮ್’ ಆಯ್ಕೆಯನ್ನು ಬಳಸಬಹುದು. ಫೈಲಿನ ಇಂತಿಷ್ಟನೇ ಬೈಟ್‌ನಿಂದ ಮುಂದಕ್ಕೆ ಕೊಡು ಎಂದು ಬ್ರೌಸರ್ ಕೇಳಿದಾಗ ಸರ್ವರ್ 206 ಎಂಬ ಸಂಕೇತದೊಂದಿಗೆ ಉಳಿದ ಭಾಗವನ್ನಷ್ಟೇ ಕಳಿಸುತ್ತದೆ. ಈ ಸೌಲಭ್ಯವಿಲ್ಲದ ಸರ್ವರ್ ಆದರೆ ಎಲ್ಲವೂ ಮೊದಲಿನಿಂದಲೇ ಶುರುವಾಗುತ್ತದೆ. ಕೆಲವು ಲಿಂಕ್‌ಗಳು ಸ್ವಲ್ಪ ಹೊತ್ತು ಮಾತ್ರ ಜೀವಂತವಾಗಿರುತ್ತವೆ, ಅಂಥಲ್ಲಿ ಮೂಲ ಪುಟಕ್ಕೆ ಹಿಂದಿರುಗಿ ಹೊಸ ಲಿಂಕ್ ಪಡೆಯುವುದೊಂದೇ ದಾರಿ. ಪದೇಪದೇ ಕಡಿಯುವ ಸಂಪರ್ಕದಲ್ಲಿ ದೊಡ್ಡ ಫೈಲಿಗೆ ಬ್ರೌಸರನ್ನೇ ನೆಚ್ಚಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ: ಆದೇಶ ಟೈಪ್ ಮಾಡಿ ಫೈಲ್ ಇಳಿಸುವ ವಿಗೆಟ್‌ನಂಥ ಸಾಧನದ ‘ಕಂಟಿನ್ಯೂ’ ಆಯ್ಕೆ, ಅಥವಾ ಇಂಟರ್ನೆಟ್ ಆರ್ಕೈವ್ ಮತ್ತು ಉಬುಂಟು ಎರಡೂ ಕೊಡುವ ಟೊರೆಂಟ್ ಹೆಚ್ಚು ಭರವಸೆಯದು. ಫೈಲನ್ನು ತುಣುಕು ತುಣುಕಾಗಿ ಹಲವು ಕಂಪ್ಯೂಟರುಗಳಿಂದ ತರುವ ಟೊರೆಂಟ್ ಪ್ರತಿಯೊಂದು ತುಣುಕನ್ನೂ ಪರಿಶೀಲಿಸಿ, ಕೆಟ್ಟ ತುಣುಕನ್ನಷ್ಟೇ ಮತ್ತೆ ತರಿಸಿಕೊಳ್ಳುತ್ತದೆ.

ಡೌನ್‌ಲೋಡ್ ಪ್ರತಿ ಸಲವೂ ಸುಮಾರು ಒಂದೇ ಹಂತದಲ್ಲಿ ನಿಲ್ಲುತ್ತಿದ್ದರೆ ನೆಟ್‌ವರ್ಕನ್ನು ದೂರುವ ಮೊದಲು ಡಿಸ್ಕನ್ನು ನೋಡಬೇಕು. ಸಿ ಡ್ರೈವ್ ತುಂಬಿರಬಹುದು. ನೇರವಾಗಿ ಪೆನ್‌ಡ್ರೈವ್‌ಗೆ ಉಳಿಸುತ್ತಿದ್ದರೆ ಅದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಮಾದರಿಯದಾಗಿದ್ದು 4 ಜಿಬಿ ಮುಟ್ಟುವ ಯಾವ ಫೈಲನ್ನೂ ಹಿಡಿಸದಿರಬಹುದು. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಆ ಮಿತಿ ಹೋಗುತ್ತದೆ, ಆದರೆ ಹಾಗೆ ಫಾರ್ಮ್ಯಾಟ್ ಮಾಡುವಾಗ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಮುನ್ನೂರು ಎಂಬಿ ಇರಬೇಕಾದ ಪುಸ್ತಕ ಹತ್ತು ಕೆಬಿಯಲ್ಲಿ ಕ್ಷಣಮಾತ್ರದಲ್ಲಿ ಇಳಿದರೆ ಬಂದಿರುವುದು ಪುಸ್ತಕವಲ್ಲ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಚ್‌ಟಿಎಂಎಲ್ ಎಂಬ ಅಕ್ಷರಗಳಿರುವ ಸಾಲು ಮೊದಲಲ್ಲೇ ಕಾಣುವ ಸಂಭವ ಹೆಚ್ಚು, ಅಂದರೆ ಯಾವುದೋ ವೆಬ್ ಪುಟವು ಪಿಡಿಎಫ್ ಹೆಸರು ಹೊತ್ತು ಬಂದಿದೆ. ರೈಲು ನಿಲ್ದಾಣ, ಹಾಸ್ಟೆಲ್, ಹೋಟೆಲುಗಳ ವೈಫೈನಲ್ಲಿ ಲಾಗಿನ್ ಅವಧಿ ಮುಗಿದಿದ್ದರೆ ಹೀಗಾಗುತ್ತದೆ. ಖಾತೆಯೊಳಗಿಂದ ಇಳಿಸಬೇಕಾದ ಫೈಲಿಗೆ ಸೆಷನ್ ಮುಗಿದಿದ್ದರೂ ಹೀಗೆಯೇ ಆಗುತ್ತದೆ. ಆ ಪುಟದ ಪಠ್ಯದಲ್ಲೇ ಕಾರಣವೂ ಸಿಗುವುದರಿಂದ ಅದನ್ನು ಓದದೆ ಅಳಿಸಬೇಡಿ. ಮತ್ತೆ ಲಾಗಿನ್ ಆಗಿ ಪ್ರಯತ್ನಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸರಿಯಾದ ಫೈಲನ್ನೇ ಕೆಟ್ಟದ್ದೆಂದು ತಿಳಿಯುವ ಸಂದರ್ಭಗಳೂ ಕಡಿಮೆಯಿಲ್ಲ. ಇ-ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳುವುದು ದೋಷವಲ್ಲ. ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ದೊಡ್ಡಕ್ಷರಗಳಲ್ಲಿ ಬರೆದು, ಅವುಗಳ ನಂತರ ಹುಟ್ಟಿದ ಇಸವಿಯನ್ನು ಸೇರಿಸಿದರೆ ಅದು ತೆರೆಯುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಎಷ್ಟು ಸಲ ಇಳಿಸಿಕೊಂಡರೂ ಹಾಗೆಯೇ ಇರುತ್ತದೆ. ಫಾಂಟ್ ಹಾಕಿಕೊಳ್ಳಬೇಕು, ಇಲ್ಲವೇ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಬೈಟ್ ಲೆಕ್ಕ ತಾಳೆಯಾಗಿಯೂ ಫೈಲ್ ತೆರೆಯದಿದ್ದರೆ ಹ್ಯಾಶ್ ನೋಡಬೇಕಾಗುತ್ತದೆ. ಫೈಲಿನ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಈ ಗುರುತು ಎಸ್‌ಎಚ್‌ಎ-256 ವಿಧಾನದಲ್ಲಿ 64 ಅಕ್ಷರಗಳಷ್ಟಿದ್ದು, ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಉಬುಂಟು ಈ ಗುರುತನ್ನು ಪ್ರಕಟಿಸುತ್ತದೆ, ಇಂಟರ್ನೆಟ್ ಆರ್ಕೈವ್‌ನ ಎಕ್ಸ್‌ಎಂಎಲ್ ಪಟ್ಟಿಯಲ್ಲಿ ಎಂಡಿ5 ಮತ್ತು ಎಸ್‌ಎಚ್‌ಎ-1 ಎಂಬ ಬೇರೆ ವಿಧಾನಗಳ ಹ್ಯಾಶ್‌ಗಳು ಇರುತ್ತವೆ. (ಎಸ್‌ಎಚ್‌ಎ-1ನ್ನು ವಂಚಿಸಬಹುದೆಂದು 2017ರಲ್ಲಿ ತೋರಿಸಲಾಗಿದೆ, ಆದರೂ ದಾರಿಯಲ್ಲಿ ಆಕಸ್ಮಿಕವಾಗಿ ಕೆಟ್ಟದ್ದನ್ನು ಹಿಡಿಯಲು ಅದು ಸಾಕು.) ವಿಂಡೋಸ್‌ನಲ್ಲಿ ಜಿಪ್ ಫೈಲ್ ಬಿಚ್ಚುವ 7-ಜಿಪ್ ತಂತ್ರಾಂಶ ಹಾಕಿಕೊಂಡಿದ್ದರೆ ರೈಟ್ ಕ್ಲಿಕ್ ಮೆನುವಿನ ‘ಸಿಆರ್‌ಸಿ ಎಸ್‌ಎಚ್‌ಎ’ ವಿಭಾಗದಲ್ಲೇ ಈ ಲೆಕ್ಕ ಸಿಗುತ್ತದೆ.

ಹ್ಯಾಶ್ ತಾಳೆಯಾಗದಿದ್ದಾಗ ಇಳಿಸಿದ್ದನ್ನು ಅಳಿಸದೆ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಇನ್ನೊಮ್ಮೆ ಇಳಿಸಿ ಎರಡರ ಹ್ಯಾಶನ್ನೂ ಹೋಲಿಸುವುದು ಒಳ್ಳೆಯದು. ಆ ಕಿಟಕಿ ಹಳೆಯ ಕ್ಯಾಶೆಯನ್ನು, ಅಂದರೆ ಬ್ರೌಸರ್ ಮೊದಲೇ ಉಳಿಸಿಟ್ಟುಕೊಂಡ ಪ್ರತಿಗಳನ್ನು, ಬಳಸುವುದಿಲ್ಲ, ನೀವು ಅನುಮತಿ ಕೊಡದ ಎಕ್ಸ್‌ಟೆನ್ಷನ್‌ಗಳೂ ಅಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಸರಿಯಾದ ಪ್ರತಿ ಬಂದರೆ ತಪ್ಪು ಅವೆರಡರಲ್ಲೊಂದರದ್ದು ಇರಬಹುದು. ಎರಡೂ ಸಲ ಒಂದೇ ತಪ್ಪು ಹ್ಯಾಶ್ ಬಂದರೆ ಸರ್ವರಿನಲ್ಲಿರುವ ಫೈಲೇ ಕೆಟ್ಟಿದೆ, ಅಥವಾ ನೀವು ಹೋಲಿಸುತ್ತಿರುವುದು ಬೇರೆ ಆವೃತ್ತಿಯ ಹ್ಯಾಶ್ ಜೊತೆಗೆ. ಸಲಕ್ಕೊಂದು ಹೊಸ ಹ್ಯಾಶ್ ಬರುತ್ತಿದ್ದರೆ, ಅದೂ ಬೇರೆ ಬ್ರೌಸರ್ ಮತ್ತು ಬೇರೆ ಸಂಪರ್ಕದಲ್ಲೂ ಹಾಗೆಯೇ ಆದರೆ, ಕಂಪ್ಯೂಟರಿನ ರ‍್ಯಾಮ್ ಅಥವಾ ಡಿಸ್ಕ್ ಮೇಲೆ ಅನುಮಾನಪಡಬೇಕು. ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್ ಓಡಿಸಿ ನೋಡಬಹುದು.

ಇಳಿದ ಫೈಲ್ ಮಾಯವಾದರೆ ಅದು ಆಂಟಿವೈರಸ್‌ನ ಕೆಲಸ ಎಂದು ಊಹಿಸಿ ಆಂಟಿವೈರಸ್ಸನ್ನೇ ಆಫ್ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ವಿಂಡೋಸ್ ಸೆಕ್ಯೂರಿಟಿಯ ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿ ಯಾವ ಫೈಲನ್ನು ಯಾವ ಕಾರಣಕ್ಕೆ ತಡೆಯಲಾಗಿದೆ ಎಂಬುದು ದಾಖಲಾಗಿರುತ್ತದೆ. ಹ್ಯಾಶ್ ತಾಳೆಯಾಗದ ಫೈಲನ್ನು ಅಲ್ಲಿಂದ ಎಂದಿಗೂ ಬಿಡುಗಡೆ ಮಾಡಬಾರದು.

ಸರ್ವರಿನ ಫೈಲೇ ಕೆಟ್ಟಿದೆಯೆಂದು ತೋರಿದರೆ ಜಾಲತಾಣದವರಿಗೆ ಬರೆಯಬೇಕು. ಬರೀ ‘ಫೈಲ್ ತೆರೆಯುತ್ತಿಲ್ಲ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಫೈಲಿನ ಪೂರ್ಣ ಲಿಂಕ್, ಇಳಿಸಿದ ದಿನಾಂಕ ಮತ್ತು ಸಮಯ, ನಿಮಗೆ ಬಂದ ಬೈಟ್ ಲೆಕ್ಕ, ಎರಡೂ ಪ್ರತಿಗಳ ಹ್ಯಾಶ್, ಬ್ರೌಸರ್ ತೋರಿಸಿದ ಸಂದೇಶ ಇವಿಷ್ಟನ್ನು ಯಥಾವತ್ತಾಗಿ ಬರೆದು ಕಳಿಸಿದರೆ ತಮ್ಮಲ್ಲಿರುವ ಮೂಲ ಪ್ರತಿಯೊಂದಿಗೆ ಅವರು ಅದನ್ನು ನೇರವಾಗಿ ಹೋಲಿಸಿ ನೋಡಬಹುದು.