ಸುಸ್ತಾದ ಗುರುವಾರಕ್ಕೂ ಒಗ್ಗುವ ಗುರಿ ಹಾಕಿಕೊಳ್ಳುವುದು ಹೇಗೆ

ಎರಡು ವರ್ಷದ ಹಿಂದೆ ಜನವರಿ 1ಕ್ಕೆ ಹೊಸ ಡೈರಿ ತೆಗೆದು ಹನ್ನೊಂದು ಗುರಿ ಬರೆದಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ಓಡುವುದು, ಇಂಗ್ಲಿಷ್ ಸುಧಾರಿಸುವುದು, ರೊಕ್ಕ ಉಳಿಸುವುದು, ಚಹಾ ಕಡಿಮೆ ಮಾಡುವುದು, ಹೀಗೇ ಉದ್ದಕ್ಕೆ. ಸಂಕ್ರಾಂತಿಗೆ ನಮ್ಮ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಬಂತು. ಒಂದು ಕೈಯಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ಆವತ್ತಿನ ನಾಲ್ಕನೇ ಚಹಾ ಹಿಡಿದು ನಿಂತಾಗ ಡೈರಿ ನೆನಪಾಯಿತು. ಎಲ್ಲಿಟ್ಟಿದ್ದೆ ಎನ್ನುವುದು ಮಾತ್ರ ನೆನಪಾಗಲಿಲ್ಲ.

ಆಮೇಲೆ ಕೂತು ಯೋಚಿಸಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಬರೆಯುವಾಗ ಹಬ್ಬದ ಹುರುಪು ಇತ್ತು. ಮಾಡಬೇಕಾದದ್ದು ಮಾತ್ರ ಕೆಲಸ ಮುಗಿಸಿ, ಬಿಸಿಲಲ್ಲಿ ಗಾಡಿ ಓಡಿಸಿ, ತಲೆ ಸಿಡಿಯುತ್ತಾ ಮನೆಗೆ ಬಂದ ಗುರುವಾರ. ಹಾಗಾಗಿ ಈಗ ಏನೇ ಗುರಿ ಬರೆದರೂ ಆ ಗುರುವಾರವನ್ನು ಮುಂದೆ ಕೂರಿಸಿಕೊಂಡೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ ನೋಡಿ.

ಮೊದಲು ಎಣಿಕೆ ಕಡಿಮೆ ಮಾಡಿ. ಹನ್ನೊಂದು ಬೇಡ, ಎರಡು ಸಾಕು. ಮೂರನೆಯದು ಬೇಕೇಬೇಕು ಅನಿಸಿದರೆ ಹಾಳೆಯ ಹಿಂದೆ ಬರೆದಿಟ್ಟು ಮೂರು ತಿಂಗಳು ಬಿಟ್ಟು ನೋಡಿ. ನಮ್ಮೂರಿನ ಬಾರಾ ಕಮಾನ್ ನೋಡಿದ್ದೀರಲ್ವಾ? ಎರಡನೇ ಅಲಿ ಆದಿಲ್ ಶಾಹನ ಗೋರಿ. ಗೋಲಗುಮ್ಮಟವನ್ನೂ ಮೀರಿಸಬೇಕು ಅಂತ ಶುರು ಮಾಡಿದ್ದನಂತೆ. 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು, ಇವತ್ತಿಗೂ ಮೇಲೆ ಚಾವಣಿ ಇಲ್ಲದೆ ಕಲ್ಲಿನ ಕಮಾನುಗಳು ಮಾತ್ರ ನಿಂತಿವೆ. ಅವು ಚೆಂದವೇ, ಫೋಟೋಕ್ಕೂ ಚೆನ್ನಾಗಿ ಬರುತ್ತವೆ. ನನ್ನ ಡೈರಿ ಫೋಟೋಕ್ಕೂ ಬರಲಿಲ್ಲ ಅನ್ನುವುದೇ ಬೇಜಾರು.

ಎರಡು ಆರಿಸಿದ ಮೇಲೆ ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ ಬರೆಯಿರಿ: ಇದನ್ನು ಮಾಡುವವರು ಯಾರು? ಗುರಿ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಹೇಳುವ 'ಸ್ಮಾರ್ಟ್' ಸೂತ್ರ ಇದೆಯಲ್ಲ, ಒಳ್ಳೆ ಗುರಿ ಹೇಗಿರಬೇಕು ಅಂತ ಆ ಇಂಗ್ಲಿಷ್ ಪದದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣ ಹೇಳುವಂಥದ್ದು, ಅದನ್ನು 1981ರಲ್ಲಿ ಜಾರ್ಜ್ ಡೊರಾನ್ ಎಂಬವರು ಕಂಪನಿ ಮ್ಯಾನೇಜರ್‌ಗಳಿಗಾಗಿ ಬರೆದದ್ದು. ಈಗ ಅದರಲ್ಲಿನ 'ಎ' ಅಕ್ಷರಕ್ಕೆ 'ಕೈಗೆಟುಕುವಂಥದ್ದು' ಅಂತ ಅರ್ಥ ಹೇಳುತ್ತಾರೆ. ಅವರು ಬರೆದದ್ದು ಬೇರೆ, ಕೆಲಸ ಯಾರಿಗೆ ಒಪ್ಪಿಸಿದೆ ಎನ್ನುವುದು. ನಮ್ಮ ಮನೆಗಳಿಗೆ ಆ ಹಳೇ ಅರ್ಥವೇ ಜಾಸ್ತಿ ಉಪಯೋಗ ಅಂತ ನನಗನಿಸುತ್ತದೆ. 'ಮಗ ಚೆನ್ನಾಗಿ ಓದಬೇಕು', 'ಮನೆಯವರು ಸಿಟ್ಟು ಬಿಡಬೇಕು' ಅಂತ ಬರೆದರೆ ಕೆಲಸ ಇನ್ನೊಬ್ಬರ ತಲೆಗೆ ಬಿತ್ತು. 'ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಟಿವಿ ಆಫ್ ಮಾಡಿ ಮಗನ ಪಕ್ಕ ಕೂರುತ್ತೇನೆ' ಅಂದರೆ ಅದು ನಿಮ್ಮದು.

ಪರೀಕ್ಷೆಗೆ ಓದುವ ಹುಡುಗರಿಗೂ ಇದೇ ಮಾತು. ನನ್ನ ಅಕ್ಕನ ಮಗ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ, ರೂಮಿನ ಗೋಡೆ ಮೇಲೆ 'ಈ ಸಲ ಹೊಡೀಲೇಬೇಕು' ಅಂತ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದ. ಎಷ್ಟು ಹುದ್ದೆ ಕರೆಯುತ್ತಾರೆ, ಕಟಾಫ್ ಎಷ್ಟಕ್ಕೆ ನಿಲ್ಲುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೋ ಏನೋ, ಒಂದೂ ಅವನ ಕೈಯಲ್ಲಿಲ್ಲ. ಈಗ ಅದರ ಕೆಳಗೆ ಇನ್ನೊಂದು ಚೀಟಿ ಇದೆ: 'ಭಾನುವಾರ ಬೆಳಿಗ್ಗೆ 10ಕ್ಕೆ ಒಂದು ಹಳೇ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ಸಂಜೆ ತಪ್ಪಾದದ್ದನ್ನು ಮಾತ್ರ ಓದುವುದು.' ಮೇಲಿನ ಚೀಟಿ ಹರಿದು ಹಾಕು ಅಂದೆ, ಕೇಳಲಿಲ್ಲ. ಇರಲಿ ಬಿಡಿ.

ಇನ್ನು ಎಷ್ಟು ದೊಡ್ಡ ಗುರಿ ಹಾಕಬೇಕು? ನಾನು ಎಡವಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಂಡಿ ಕಡೆ ನಮ್ಮ ಕಾಕಾ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾನೆ. ಬಿತ್ತುವ ಮುಂಚೆ ಎರೆಹೊಲದಲ್ಲಿ ಗೇಣುದ್ದ ಕೆದರಿ, ಒಂದು ಮುಷ್ಟಿ ಮಣ್ಣು ತೆಗೆದು ಹಿಚುಕುತ್ತಾನೆ. ಉಂಡೆ ಕಟ್ಟಿದರೆ ಹಸಿ ಇದೆ, ಉದುರಿದರೆ ಇಲ್ಲ. ಆಮೇಲೆ ಮಳೆ ಬರುತ್ತದೆ ಅನ್ನುವ ನಂಬಿಕೆ ಮೇಲೆ ಅವನು ಬಿತ್ತುವುದಿಲ್ಲ, ಹಿಂಗಾರಿ ಜೋಳ ಬೆಳೆಯುವುದೇ ಒಳಗಿರುವ ಹಸಿಯ ಮೇಲೆ. ರೊಕ್ಕ ಉಳಿಸುವ ಲೆಕ್ಕವನ್ನು ನಾನು ಈಗ ಹಾಗೇ ಹಾಕುತ್ತೇನೆ.

ಒಂದು ಲ್ಯಾಪ್‌ಟಾಪಿಗೆ 36,000 ರೂಪಾಯಿ ಬೇಕು ಅಂದುಕೊಳ್ಳಿ. ವರ್ಷಕ್ಕೆ ಹನ್ನೆರಡು ತಿಂಗಳು, ತಿಂಗಳಿಗೆ 3,000, ಮುಗಿಯಿತಲ್ಲ ಅನಿಸುತ್ತದೆ. ಈಗ ಮಣ್ಣು ಹಿಚುಕಿ. ಸಂಬಳ 18,000. ಬಾಡಿಗೆ, ಕಿರಾಣಿ, ಪೆಟ್ರೋಲ್, ಗಾಡಿ ಕಂತು, ಮೊಬೈಲ್ ರೀಚಾರ್ಜ್ ಎಲ್ಲ ಸೇರಿ 16,200. ಉಳಿದದ್ದು 1,800. ಅಂದರೆ 3,000 ಅನ್ನುವುದು ಮೊದಲ ತಿಂಗಳೇ ಸುಳ್ಳು. ಸರಿ, 1,800 ಹಾಕಿದರೆ 20 ತಿಂಗಳು. ಆದರೆ ನಡುವೆ ಯಾರದೋ ಮದುವೆ ಆಹೇರಿ, ಗಾಡಿ ಪಂಕ್ಚರ್, ಅವ್ವನ ಗುಳಿಗೆ ಬರುವುದೇ. 1,500 ಅಂತ ಇಟ್ಟುಕೊಂಡರೆ ಸರಿಯಾಗಿ 24 ತಿಂಗಳು. ಎರಡು ವರ್ಷ ಅಂದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಗೊತ್ತು. ಆದರೂ ಈ ಲೆಕ್ಕಕ್ಕೆ ಕಾಲಿದೆ, ನಡೆಯುತ್ತದೆ. ಬೇಗ ಬೇಕಿದ್ದರೆ ದಾರಿ ಎರಡೇ: ಸೆಕೆಂಡ್ ಹ್ಯಾಂಡ್ ನೋಡಿ ಮೊತ್ತ ಇಳಿಸಿ, ಇಲ್ಲವೇ ಭಾನುವಾರ ಏನಾದರೂ ಕೆಲಸ ಹಿಡಿದು ಹಸಿ ಹೆಚ್ಚಿಸಿ. ಸುಮ್ನೆ 'ಈ ಸಲ ಗಟ್ಟಿ ಮನಸ್ಸು ಮಾಡುತ್ತೇನೆ' ಅಂದರೆ 1,800 ಹೋಗಿ 3,000 ಆಗುವುದಿಲ್ಲ. ಹಾಂ, ಸಂಬಳ 7ಕ್ಕೆ ಬಂದರೆ ಬ್ಯಾಂಕಿನಲ್ಲಿ ಆರ್‌ಡಿ ಮಾಡಿ 8ಕ್ಕೇ ಕಟ್ ಆಗುವಂತೆ ಬರೆದುಕೊಡಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕೋಣ ಅಂದರೆ ಏನೂ ಉಳಿದಿರುವುದಿಲ್ಲ.

ಇನ್ನು ಹೊತ್ತು ಗೊತ್ತು ಮಾಡುವುದು. 'ದಿನಾ ವಾಕಿಂಗ್ ಹೋಗುತ್ತೇನೆ' ಅಂತ ಬರೆಯಬೇಡಿ, ಯಾವುದರ ಹಿಂದೆ ಹೋಗುತ್ತೀರಿ ಬರೆಯಿರಿ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. 'ಇದು ಆದ ಕೂಡಲೇ ಅದು ಮಾಡುತ್ತೇನೆ' ಅಂತ ಮೊದಲೇ ಗೊತ್ತು ಮಾಡಿಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಅಂತ ತೋರಿಸಿದವರು ಅವರು. ನನ್ನದು ಹೀಗಿದೆ: ಬೆಳಿಗ್ಗೆ ನೀರಿನ ಮೋಟರ್ ಆಫ್ ಮಾಡಿದ ಕೂಡಲೇ ಶೂ ಹಾಕುವುದು. ಚಪ್ಪಲಿ ಸ್ಟ್ಯಾಂಡ್ ಮೋಟರ್ ಸ್ವಿಚ್ಚಿನ ಕೆಳಗೇ ಇದೆ, ಬೇಕಂತಲೇ ಸರಿಸಿದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಸಂಜೆ ಆರಕ್ಕೂ ರಸ್ತೆ ಕಾವು ಉಗುಳುತ್ತಿರುತ್ತದೆ, ಹಾಗಾಗಿ ಸಂಜೆ ವಾಕಿಂಗ್ ಅಂತ ಬರೆಯುವುದು ನನಗೆ ನಾನೇ ಸುಳ್ಳು ಹೇಳಿಕೊಂಡಂತೆ.

ಲೆಕ್ಕ ಇಡುವುದಕ್ಕೆ ಆ್ಯಪ್ ಏನೂ ಬೇಡ. ನಮ್ಮ ಅಡುಗೆಮನೆ ಗೋಡೆಗೆ ದೊಡ್ಡ ಕ್ಯಾಲೆಂಡರ್ ಇದೆ, ಅದರ ಚೌಕಗಳಲ್ಲಿ ಅವ್ವ ಹಾಲಿನ ಲೆಕ್ಕ ಬರೆಯುತ್ತಾಳೆ. ಒಂದು ಲೀಟರ್‌ಗೆ '1', ಅರ್ಧಕ್ಕೆ '½', ಹಾಲಿನವನು ಬರದ ದಿನ ಒಂದು ಸೊನ್ನೆ. ಅದೇ ಚೌಕದ ಮೂಲೆಯಲ್ಲಿ ನಾನು ಪೆನ್ಸಿಲ್‌ನಿಂದ ನನ್ನ ಗೆರೆ ಎಳೆಯತೊಡಗಿದೆ. ಮೊದಲ ಸಲ ಎರಡು ದಿನ ತಪ್ಪಿದಾಗ ಇನ್ನು ಮುಗಿಯಿತು, ಮುಂದಿನ ತಿಂಗಳು 1ಕ್ಕೆ ಹೊಸದಾಗಿ ಶುರು ಮಾಡೋಣ ಅಂದೆ. ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಹಾಲಿನಾಂವ ಎರಡು ದಿನ ಬರಲಿಲ್ಲಂತ ನಾ ತಿಂಗಳಾನಗಟ್ಲೆ ಹಾಲು ಬಿಟ್ಟೇನೇನೋ?"

ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಮಾಡಿದ ಅಧ್ಯಯನ ಒಂದಿದೆ. ಹೊಸ ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ನಡು ಲೆಕ್ಕದಲ್ಲಿ 66 ದಿನ ಹಿಡಿಯಿತು, ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ಅಂತರ ಇತ್ತು. ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿ ಆಗಲಿಲ್ಲ ಅಂತಲೂ ಅದರಲ್ಲಿದೆ. 21 ದಿನದಲ್ಲಿ ಬದುಕು ಬದಲಾಗುತ್ತದೆ ಅನ್ನುವ ವಿಡಿಯೋಗಳನ್ನು ಹಾಗಾಗಿ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅಮಾವಾಸ್ಯೆಗೊಮ್ಮೆ ಹದಿನೈದು ನಿಮಿಷ ಕೂತು ಚೌಕ ಎಣಿಸಿ. ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ತಪ್ಪಿದ್ದರೆ ನಿಮ್ಮನ್ನು ಬೈದುಕೊಳ್ಳುವ ಬದಲು ಗುರಿಯನ್ನೇ ಕತ್ತರಿಸಿ. ನಾನು ವಾರಕ್ಕೆ ಐದು ದಿನ ವಾಕಿಂಗ್ ಅಂತ ಶುರು ಮಾಡಿದ್ದು, ಈಗ ಮೂರಕ್ಕೆ ಬಂದಿದ್ದೇನೆ. ಆರ್‌ಡಿಯ ಏಳನೇ ಕಂತು ಹೋಗಿದೆ. ಹೋದ ವಾರ ಮಾತ್ರ ಜ್ವರ ಬಂದು ಮೂರು ಚೌಕ ಖಾಲಿ ಬಿದ್ದವು, ಅವ್ವ ನನ್ನನ್ನು ಕೇಳದೇ ಅಲ್ಲಿ ಮೂರು ಸೊನ್ನೆ ಬರೆದಿಟ್ಟಿದ್ದಾಳೆ, ಅದೂ ಪೆನ್ನಿನಲ್ಲಿ.